ಒಡಹುಟ್ಟಿದವರಲ್ಲಿ ಭೇದಗ್ರಹಣ: ಶಾಖಾಕೋಶ ಮತ್ತು ಟಿ-ಕೋಶಗಳ ವಿಚಾರ

೧. ವಿಷಯಪ್ರವೇಶ

ತನ್ನ ದೇಹದ ಚರ್ಮವನ್ನು ಒಂದೆಡೆಯಿಂದ ಬಿಡಿಸಿ ಮತ್ತೊಂದೆಡೆಗೆ ಕೂಡಿಸಿದರೆ ಅದು ಕೂಡಿಕೊಳ್ಳುತ್ತದೆ. ಪರರ ಚರ್ಮವನ್ನು ತಂದು ಕೂಡಿಸಿದರೆ ಕೆಲವು ದಿನಗಳಲ್ಲಿ ಕಪ್ಪಾಗಿ ಉದುರಿಹೋಗುತ್ತದೆ. ಸುಶ್ರುತಸಂಹಿತೆಯಲ್ಲಿ ಛಿನ್ನವಾದ ನಾಸಿಕೆಯನ್ನು ಸಂಧಾನಮಾಡುವ ಕ್ರಮವನ್ನು ಹೇಳುವಲ್ಲಿ ರೋಗಿಯ ಕೆನ್ನೆಯ ಚರ್ಮವನ್ನೇ ಉಪಯೋಗಿಸಬೇಕೆಂದು ವಿಧಿಸಿರುವುದು ಈ ಅನುಭವಕ್ಕೆ ಒಪ್ಪುವಂತಹುದೇ ಆಗಿದೆ. ಸ್ವಕೀಯವನ್ನು ದೇಹವು ಅಂಗೀಕರಿಸುತ್ತದೆ, ಪರಕೀಯವನ್ನು ತ್ಯಜಿಸುತ್ತದೆ ಎಂಬಿಷ್ಟು ವಿಷಯವು ಹಳೆಯದು. ಆದರೆ ಸ್ವಕೀಯ ಪರಕೀಯ ಎಂಬ ವಿಭಾಗವನ್ನು ದೇಹವು ಯಾವ ಗುರುತಿನಿಂದ ಮಾಡುತ್ತದೆ, ಆ ಗುರುತನ್ನು ತೋರಿಸಿಕೊಡುವವರಾರು ಎಂಬುದು ಈಚಿನ ಶೋಧನೆ.

೧೯೫೪ನೆಯ ಡಿಸೆಂಬರ್ ೨೩ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಜೋಸೆಫ್ ಮರ್ರಿ ಎಂಬ ಶಸ್ತ್ರವೈದ್ಯರು ಒಬ್ಬ ಸೋದರನ ಮೂತ್ರಪಿಂಡವನ್ನು ಅವನ ಅವಳಿ ಸೋದರನಿಗೆ ಕಸಿಮಾಡಿದರು. ಇಬ್ಬರೂ ಒಂದೇ ಅಂಡದಿಂದ ಹುಟ್ಟಿದವರು. ಅದನ್ನು ನಿಶ್ಚಯಿಸಿಕೊಳ್ಳುವುದಕ್ಕಾಗಿ ವೈದ್ಯರು ಮೊದಲು ಒಬ್ಬನ ಚರ್ಮದ ಚಿಕ್ಕ ತುಂಡನ್ನು ಮತ್ತೊಬ್ಬನಿಗೆ ಕೂಡಿಸಿ ನೋಡಿದ್ದರು, ಅದು ಉದುರಲಿಲ್ಲ. ಕಸಿಯಾದ ಮೂತ್ರಪಿಂಡವೂ ಉಳಿಯಿತು; ರೋಗಿಯು ಎಂಟು ವರ್ಷಗಳ ಕಾಲ ಬಾಳಿದನು. ಪೂರ್ಣವಾದ ಸಾಮ್ಯವಿದ್ದಲ್ಲಿ ವಿರೋಧವಿಲ್ಲವೆಂಬುದಕ್ಕೆ ಇದು ಉದಾಹರಣೆ.

ಪೂರ್ಣಸಾಮ್ಯಕ್ಕೂ ಪೂರ್ಣಭೇದಕ್ಕೂ ನಡುವೆ ಮೂರನೆಯ ಬಗೆಯೊಂದುಂಟು. ರಕ್ತದ ಅರ್ಬುದದಿಂದ ನರಳುವವನಿಗೆ ಒಡಹುಟ್ಟಿದವರ ಅಸ್ಥಿಮಜ್ಜೆಯನ್ನು ಕೊಡುವಾಗ ವೈದ್ಯರು ಇಬ್ಬರ ರಕ್ತವನ್ನೂ ಪರೀಕ್ಷಿಸಿ, ಮುಖ್ಯವಾದ ಗುರುತುಗಳು ಒಂದೇ ಆಗಿರುವ ಸೋದರನನ್ನೋ ಸೋದರಿಯನ್ನೋ ಆರಿಸುತ್ತಾರೆ. ಅಣ್ಣನಿಗೆ ತಂಗಿಯದು ಸರಿಹೊಂದಿತೆಂದು ತಿಳಿದಾಗ ಆ ಮನೆಯವರಿಗೆ ಆಗುವ ಸಮಾಧಾನವನ್ನು ಹೇಳಬೇಕಾದುದಿಲ್ಲ. ಆದರೂ ಇಂತಹ ಸಮಾನರ ನಡುವೆಯೂ, ಕೊಟ್ಟ ಮಜ್ಜೆಯ ಕೋಶಗಳು ತೆಗೆದುಕೊಂಡವನ ಚರ್ಮ, ಯಕೃತ್ತು, ಕರುಳುಗಳ ಮೇಲೆ ತಿರುಗಿಬೀಳುವುದುಂಟು. ಬಹುಕಾಲದಿಂದ ಬಂದ ಚಿಕಿತ್ಸಾಕ್ರಮದಲ್ಲಿ ನೂರಕ್ಕೆ ೩೦ರಿಂದ ೫೦ರಷ್ಟು ಮಂದಿಯಲ್ಲಿ ಈ ವ್ಯಾಧಿಯು ತೀವ್ರರೂಪದಲ್ಲಿ ಕಾಣಿಸಿಕೊಳ್ಳುತ್ತಿತ್ತು. ಇದನ್ನು ಇಲ್ಲಿ ಕಸಿವ್ಯಾಧಿಯೆಂದು ಕರೆಯಲಾಗುವುದು.

ಸಮಾನರೆಂದು ನಿಶ್ಚಯಿಸಿದ ಮೇಲೆ ಈ ವೈರವೆಲ್ಲಿಂದ ಬಂದಿತು? ಈ ಪ್ರಶ್ನೆಯಲ್ಲಿ ಎರಡು ಅಂಶಗಳಿವೆ. ಉಳಿದಿರುವ ಭೇದವು ಯಾವುದು ಎಂಬುದು ಒಂದು. ಆ ಭೇದವನ್ನು ತಿಳಿಯಪಡಿಸುವವರು ಯಾರು ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರವು ಶಾಖಾಕೋಶವೆಂಬ ವಿರಳವಾದ ಕಣದಲ್ಲಿದೆ. ಭೇದವಿದ್ದ ಮಾತ್ರಕ್ಕೆ ವಿರೋಧವು ಹುಟ್ಟುವುದಿಲ್ಲ. ಭೇದವನ್ನು ತೋರಿಸಿಕೊಡುವ ಕೋಶವೊಂದು ಬೇಕು ಎಂಬುದೇ ಈ ಲೇಖನದಲ್ಲಿ ನಿರೂಪಿಸತಕ್ಕ ವಿಷಯ.

೨. ಸಾಮ್ಯದ ಲಕ್ಷಣ

ಸಾಮ್ಯವೆಂಬ ಶಬ್ದವನ್ನು ಈ ಶಾಸ್ತ್ರದಲ್ಲಿ ಎರಡು ಅರ್ಥಗಳಲ್ಲಿ ಬಳಸುವುದುಂಟು. ಎಲ್ಲ ವಂಶವಾಹಿಗಳೂ ಒಂದೇ ಆಗಿರುವುದು ಮೊದಲನೆಯದು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಇದು ಸ್ವಭಾವಸಿದ್ಧ. ಪ್ರಯೋಗಶಾಲೆಯ ಇಲಿಗಳಲ್ಲಿ ಇಪ್ಪತ್ತು ತಲೆಮಾರುಗಳಿಗೆ ಕಡಮೆಯಿಲ್ಲದಂತೆ ಒಡಹುಟ್ಟಿದವುಗಳನ್ನೇ ಕೂಡಿಸಿ ಬೆಳೆಸಿದ ತಳಿಗಳಲ್ಲಿ ಇದು ಯತ್ನಸಿದ್ಧ. ಎರಡನೆಯ ಅರ್ಥದಲ್ಲಿ, ಅಂಗಾಂಶಗಳ ಹೊಂದಿಕೆಯನ್ನು ನಿರ್ಣಯಿಸುವ ಪ್ರಧಾನ ವಂಶವಾಹಿಗಳ ಗುಂಪೊಂದು ಮಾತ್ರ ಸಮಾನವಾಗಿದ್ದು ಉಳಿದವುಗಳಲ್ಲಿ ಭೇದವಿರುತ್ತದೆ.

ಈ ಪ್ರಧಾನಗುಂಪಿಗೆ ಮನುಷ್ಯರಲ್ಲಿ ಎಚ್‌ಎಲ್‌ಎ ಎಂದು ಹೆಸರು. ಇಲಿಗಳಲ್ಲಿ ಎಚ್-೨ ಎಂದು ಹೆಸರು. ಇಲಿಗಳಲ್ಲಿ ಇದರ ಸ್ವರೂಪವನ್ನು ಪೀಟರ್ ಗೋರರ್ ಮತ್ತು ಜಾರ್ಜ್ ಸ್ನೆಲ್ ಎಂಬವರೂ, ಮನುಷ್ಯರಲ್ಲಿ ೧೯೫೮ರಿಂದ ಮೊದಲುಗೊಂಡು ಫ್ರಾನ್ಸ್ ದೇಶದ ಜಾನ್ ದೋಸೆ ಎಂಬವರೂ ಶೋಧಿಸಿದರು. ಮನುಷ್ಯರ ಆರನೆಯ ವರ್ಣತಂತುವಿನಲ್ಲಿ ಈ ವಂಶವಾಹಿಗಳು ಒತ್ತಾಗಿ ನೆಲೆಸಿರುವುದರಿಂದ ಬಹುಮಟ್ಟಿಗೆ ಒಟ್ಟಾಗಿಯೇ ಸಂತಾನಕ್ಕೆ ಸಲ್ಲುತ್ತವೆ. ತಂದೆಯ ಎರಡು ಗುಂಪುಗಳಲ್ಲಿ ಒಂದೂ, ತಾಯಿಯ ಎರಡು ಗುಂಪುಗಳಲ್ಲಿ ಒಂದೂ ಮಗುವಿಗೆ ಬರುವುದರಿಂದ ನಾಲ್ಕು ಬಗೆಯ ಸಂಯೋಗಗಳು ಸಾಧ್ಯ. ಆದಕಾರಣ ಒಡಹುಟ್ಟಿದ ಒಬ್ಬೊಬ್ಬರೂ ರೋಗಿಗೆ ಸಮಾನರಾಗಿರುವ ಸಂಭವವು ನಾಲ್ಕರಲ್ಲಿ ಒಂದು ಪಾಲು. ನಾಲ್ವರು ಒಡಹುಟ್ಟಿದವರಿದ್ದರೆ ಒಬ್ಬನಾದರೂ ಸಮಾನನಾಗಿರಲೇಬೇಕೆಂದು ಇದಕ್ಕೆ ಅರ್ಥವಲ್ಲ. ಪ್ರತಿಯೊಂದು ಜನನದಲ್ಲಿಯೂ ಅದೇ ಸಂಭವವು ಹೊಸದಾಗಿ ಬರುತ್ತದೆ.

ಈ ಎಚ್‌ಎಲ್‌ಎ ಎಂಬುದು ದೇಹದಲ್ಲಿ ಮಾಡುವ ಕೆಲಸವಾದರೂ ಏನು? ಪರರ ಮೂತ್ರಪಿಂಡವನ್ನು ತಳ್ಳುವುದಕ್ಕಾಗಿ ಪ್ರಕೃತಿಯು ಇದನ್ನು ನಿರ್ಮಿಸಿರಲಾರದು. ೧೯೭೪ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾ ನಗರದಲ್ಲಿ ರೋಲ್ಫ್ ಜಿಂಕರ್‌ನಾಗೆಲ್ ಮತ್ತು ಪೀಟರ್ ಡೊಹರ್ಟಿ ಎಂಬವರು ಇಲಿಗಳಿಗೆ ವೈರಸ್ಸಿನ ಸೋಂಕನ್ನು ತಗಲಿಸಿ ಇದಕ್ಕೆ ಉತ್ತರವನ್ನು ಕಂಡರು. ಸೋಂಕಿದ ಇಲಿಯ ಟಿ-ಕೋಶಗಳು ಅದೇ ವೈರಸ್ಸು ಹಿಡಿದ ಕೋಶಗಳನ್ನು ಕೊಂದವು. ಆದರೆ ಆ ಕೋಶಗಳ ಎಚ್-೨ ಗುರುತು ತಮ್ಮದಕ್ಕೆ ಸಮಾನವಾಗಿದ್ದಲ್ಲಿ ಮಾತ್ರ ಕೊಂದವು. ವೈರಸ್ಸು ಅದೇ ಆಗಿ ಗುರುತು ಬೇರೆಯಾದರೆ ಸುಮ್ಮನಿದ್ದವು. ೧೯೮೭ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪಮೇಲಾ ಬ್ಯೋರ್ಕ್‌ಮನ್, ಡಾನ್ ವೈಲಿ ಮೊದಲಾದವರು ಎಚ್‌ಎಲ್‌ಎ ಅಣುವಿನ ಆಕಾರವನ್ನು ಎಕ್ಸ್-ಕಿರಣಗಳಿಂದ ನಿರ್ಣಯಿಸಿದಾಗ ಕಾರಣವು ಸ್ಪಷ್ಟವಾಯಿತು. ಅಣುವಿನ ತುದಿಯಲ್ಲಿ ಒಂದು ತೋಡು ಇದೆ. ಕೋಶದೊಳಗಣ ಪ್ರೋಟೀನುಗಳು ಮುರಿದು ಆದ ಕಿರುತುಣುಕೊಂದು ಆ ತೋಡಿನಲ್ಲಿ ಕುಳಿತಿರುತ್ತದೆ.

ಎಂದಮೇಲೆ ಎಚ್‌ಎಲ್‌ಎ ಎಂಬುದು ಪಾತ್ರೆ; ಪ್ರೋಟೀನಿನ ತುಣುಕು ಅದರಲ್ಲಿಟ್ಟ ಪದಾರ್ಥ. ಟಿ-ಕೋಶವು ಪಾತ್ರೆಯಿಲ್ಲದ ಪದಾರ್ಥವನ್ನು ಗ್ರಹಿಸುವುದಿಲ್ಲ, ಬರಿಯ ಪಾತ್ರೆಯನ್ನೂ ಗ್ರಹಿಸುವುದಿಲ್ಲ. ಇಂತಹ ಪಾತ್ರೆಯಲ್ಲಿರುವ ಇಂತಹ ಪದಾರ್ಥವೆಂದು ಗ್ರಹಿಸುತ್ತದೆ. ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಇದು ವಿಶಿಷ್ಟಗ್ರಹಣ. ಸಮಾನರಾದ ಒಡಹುಟ್ಟಿದವರ ಮನೆಗಳಲ್ಲಿ ಪಾತ್ರೆಗಳು ಒಂದೇ ಬಗೆಯವು. ಒಳಗಿರುವ ಪದಾರ್ಥವೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಈ ಭೇದವು ಎಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆಂಬುದನ್ನು ಮುಂದೆ ಹೇಳಲಾಗುವುದು.

೩. ಶಾಖಾಕೋಶದ ಪರಿಚಯ

೧೮೬೮ರಲ್ಲಿ ಬರ್ಲಿನ್ ನಗರದಲ್ಲಿ ವೈದ್ಯವಿದ್ಯಾರ್ಥಿಯಾಗಿದ್ದ ಪೌಲ್ ಲಾಂಗರ್‌ಹಾನ್ಸ್ ಎಂಬವನು ಚರ್ಮಕ್ಕೆ ಚಿನ್ನದ ಲವಣದಿಂದ ಬಣ್ಣಕಟ್ಟಿ ನೋಡಿದಾಗ ಕವಲುಕವಲಾದ ಕೋಶಗಳು ಕಂಡವು. ಕವಲುಗಳಿದ್ದುದರಿಂದ ಅವು ನರಗಳಿಗೆ ಸೇರಿದವೆಂದು ಅವನು ಭಾವಿಸಿದನು. ಆ ಭಾವನೆಯು ತಪ್ಪೆಂದು ತಿಳಿಯುವುದಕ್ಕೆ ನೂರು ವರ್ಷಗಳೇ ಹಿಡಿದವು.

೧೯೭೩ರಲ್ಲಿ ನ್ಯೂಯಾರ್ಕ್ ನಗರದ ರಾಕ್‌ಫೆಲರ್ ವಿಶ್ವವಿದ್ಯಾನಿಲಯದಲ್ಲಿ ರಾಲ್ಫ್ ಸ್ಟೈನ್‌ಮನ್ ಮತ್ತು ಜಾನ್ವಿಲ್ ಕೋನ್ ಎಂಬವರು ಇಲಿಯ ಪ್ಲೀಹದಲ್ಲಿ ಅದುವರೆಗೆ ಯಾರೂ ಬೇರ್ಪಡಿಸದಿದ್ದ ಒಂದು ಬಗೆಯ ಕೋಶಗಳನ್ನು ಕಂಡರು. ಅವು ನೂರಕ್ಕೆ ಒಂದರ ಆಸುಪಾಸಿನಲ್ಲಿ ಮಾತ್ರ ಇದ್ದವು. ಸುತ್ತಲೂ ಚಾಚಿದ ಅವುಗಳ ಶಾಖೆಗಳು ಎಡೆಬಿಡದೆ ನೀಳುತ್ತ ಕುಗ್ಗುತ್ತ ಇದ್ದವು. ಗ್ರೀಕ್ ಭಾಷೆಯಲ್ಲಿ ಮರವೆಂಬ ಅರ್ಥವುಳ್ಳ ಡೆಂಡ್ರಾನ್ ಶಬ್ದದಿಂದ ಅವುಗಳಿಗೆ ಡೆಂಡ್ರಿಟಿಕ್ ಕೋಶಗಳೆಂದು ಹೆಸರಿಟ್ಟರು. ಈ ಲೇಖನದಲ್ಲಿ ಶಾಖಾಕೋಶವೆಂಬುದು ಅದಕ್ಕೆ ಪರ್ಯಾಯ.

ಈ ಕೋಶಗಳ ಪ್ರಯೋಜನವನ್ನು ತಿಳಿಯುವುದಕ್ಕೆ ಒಂದು ಪರೀಕ್ಷೆಯು ಸಿದ್ಧವಾಗಿಯೇ ಇತ್ತು. ಇಬ್ಬರ ಬಿಳಿಯ ರಕ್ತಕಣಗಳನ್ನು ಒಂದೇ ಪಾತ್ರೆಯಲ್ಲಿ ಕೂಡಿಸಿ ಐದಾರು ದಿನ ಇಟ್ಟರೆ ಒಬ್ಬರ ಟಿ-ಕೋಶಗಳು ಮತ್ತೊಬ್ಬರ ಕೋಶಗಳನ್ನು ಕಂಡು ಕೆರಳಿ ಇಮ್ಮಡಿ ನಾಲ್ಮಡಿಯಾಗಿ ಬೆಳೆಯುತ್ತವೆ. ೧೯೬೪ರಲ್ಲಿ ವರ್ಣಿತವಾದ ಈ ಮಿಶ್ರಣಪರೀಕ್ಷೆಯಲ್ಲಿ ಏಕಾಂಡಜರಾದ ಅವಳಿಗಳ ಕಣಗಳನ್ನು ಕೂಡಿಸಿದರೆ ಈ ಕೆರಳಿಕೆಯು ಕಾಣುತ್ತಿರಲಿಲ್ಲ. ಆದುದರಿಂದ ಕಸಿಗೆ ತಕ್ಕ ದಾನಿಯನ್ನು ಆರಿಸುವುದಕ್ಕೂ ಇದನ್ನು ಬಳಸಿದರು. ೧೯೭೮ರಲ್ಲಿ ಸ್ಟೈನ್‌ಮನ್ ಮತ್ತು ಮಾರ್ಗಿಟ್ ವಿಟ್ಮರ್ ಎಂಬವರು ಈ ಪರೀಕ್ಷೆಯಲ್ಲಿ ಒಂದೊಂದು ಬಗೆಯ ಕೋಶವನ್ನೂ ಬೇರೆಬೇರೆಯಾಗಿ ಇಟ್ಟು ನೋಡಿದರು. ಟಿ-ಕೋಶಗಳನ್ನು ಕೆರಳಿಸುವುದರಲ್ಲಿ ಶಾಖಾಕೋಶಗಳು ಇತರ ಕೋಶಗಳಿಗಿಂತ ನೂರುಪಟ್ಟು ಸಮರ್ಥವೆಂದು ಅವರಿಗೆ ಕಂಡುಬಂದಿತು. ಅದುವರೆಗೆ ಬೇರೆ ಕೋಶಗಳ ಗುಣವೆಂದು ಎಣಿಸಿದ್ದುದರಲ್ಲಿ ಹೆಚ್ಚಿನ ಪಾಲು, ಅವುಗಳ ನಡುವೆ ಬೆರೆತಿದ್ದ ಕೆಲವೇ ಶಾಖಾಕೋಶಗಳದಾಗಿತ್ತು.

ಬಹುಮಂದಿ ವಿದ್ವಾಂಸರು ಇದನ್ನು ಬೇಗನೆ ಒಪ್ಪಲಿಲ್ಲ. ಸ್ಟೈನ್‌ಮನ್ ಅವರಿಗೆ ನೊಬೆಲ್ ಪಾರಿತೋಷಿಕವು ೨೦೧೧ರ ಅಕ್ಟೋಬರ್ ೩ರಂದು ಘೋಷಿತವಾಯಿತು. ಅವರು ಅದಕ್ಕೆ ಮೂರು ದಿನ ಮುಂಚೆ, ಸೆಪ್ಟೆಂಬರ್ ೩೦ರಂದು, ಮೇದೋಜೀರಕಗ್ರಂಥಿಯ ಅರ್ಬುದದಿಂದ ತೀರಿಕೊಂಡಿದ್ದರು. ಪಾರಿತೋಷಿಕವನ್ನು ಕೊಡುವವರಿಗೆ ಆ ಸಂಗತಿಯು ತಿಳಿದಿರಲಿಲ್ಲವಾದುದರಿಂದ ನಿರ್ಣಯವನ್ನು ಬದಲಿಸಲಿಲ್ಲ.

೪. ಶಾಖಾಕೋಶದ ಕಾರ್ಯಕ್ರಮ

ಶಾಖಾಕೋಶವು ಅಸ್ಥಿಮಜ್ಜೆಯಲ್ಲಿ ಹುಟ್ಟಿ ಚರ್ಮ, ಕರುಳು, ಶ್ವಾಸಕೋಶ ಮೊದಲಾದ ಹೊರಬಾಗಿಲುಗಳಲ್ಲಿ ನೆಲೆಸುತ್ತದೆ. ಅಲ್ಲಿ ಸುತ್ತಮುತ್ತಲಿನ ದ್ರವ್ಯಗಳನ್ನು ನುಂಗಿ, ಮುರಿದು, ತುಣುಕುಗಳನ್ನು ಎಚ್‌ಎಲ್‌ಎ ಪಾತ್ರೆಗಳಲ್ಲಿ ಏರಿಸಿಡುತ್ತದೆ. ಗಾಯ, ಕ್ರಿಮಿ, ಸಾಯುತ್ತಿರುವ ಕೋಶ ಇವುಗಳ ಸುಳಿವು ಸಿಕ್ಕಿದೊಡನೆ ಅದರ ಸ್ವಭಾವವೇ ಮಾರ್ಪಡುತ್ತದೆ. ನುಂಗುವುದನ್ನು ಕಡಮೆಮಾಡಿ, ಪಾತ್ರೆಗಳನ್ನು ಹೊರಮೈಯಲ್ಲಿ ಹೆಚ್ಚಾಗಿ ಎತ್ತಿ ತೋರಿಸುತ್ತ, ದುಗ್ಧನಾಳಗಳ ದಾರಿ ಹಿಡಿದು ಹತ್ತಿರದ ದುಗ್ಧಗ್ರಂಥಿಗೆ ಸೇರುತ್ತದೆ. ಟಿ-ಕೋಶಗಳು ಅಲ್ಲಿ ಸಂತತವಾಗಿ ಬಂದುಹೋಗುತ್ತಿರುತ್ತವೆ.

ಸಂತೆಯಲ್ಲಿ ವರ್ತಕನು ತನ್ನ ಸರಕನ್ನು ಹರಡಿ ಕುಳಿತಂತೆ ಶಾಖಾಕೋಶವು ಕುಳಿತಿರುತ್ತದೆ. ಹಾದುಹೋಗುವ ಟಿ-ಕೋಶಗಳಲ್ಲಿ ಆ ಒಂದು ತುಣುಕನ್ನು ಗ್ರಹಿಸಬಲ್ಲುದು ಲಕ್ಷಕ್ಕೆ ಅಥವಾ ಹತ್ತು ಲಕ್ಷಕ್ಕೆ ಒಂದು ಮಾತ್ರ. ಶಾಖೆಗಳು ನಾನಾಮುಖವಾಗಿ ಚಾಚಿರುವುದರ ಪ್ರಯೋಜನವು ಇಲ್ಲಿ ತಿಳಿದುಬರುತ್ತದೆ. ಒಂದೇ ಕೋಶವು ಅನೇಕ ಟಿ-ಕೋಶಗಳನ್ನು ಏಕಕಾಲದಲ್ಲಿ ಮುಟ್ಟಿನೋಡಬಹುದು. ಜೀವಂತ ಇಲಿಯ ದುಗ್ಧಗ್ರಂಥಿಯನ್ನು ಸೂಕ್ಷ್ಮದರ್ಶಕದಿಂದ ನೋಡಿ ೨೦೦೪ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ ಈ ಸಮಾಗಮಕ್ಕೆ ಮೂರು ಘಟ್ಟಗಳಿರುವುದಾಗಿ ತಿಳಿಸಿದೆ. ಮೊದಲ ಕೆಲವು ತಾಸುಗಳಲ್ಲಿ ಟಿ-ಕೋಶಗಳು ಒಂದಾದಮೇಲೊಂದು ಶಾಖಾಕೋಶವನ್ನು ಮುಟ್ಟಿ ಮುಂದೆ ಸಾಗುತ್ತವೆ. ಆಮೇಲೆ ಒಂದನ್ನೇ ಹಿಡಿದು ಬಹಳ ಹೊತ್ತು ನಿಲ್ಲುತ್ತವೆ. ಕೊನೆಗೆ ಬಿಟ್ಟುಹೊರಟು ವಿಭಜಿಸತೊಡಗುತ್ತವೆ.

ತುಣುಕನ್ನು ತೋರಿಸುವುದೊಂದೇ ಸಾಲದು. ೧೯೮೭ರಲ್ಲಿ ಮಾರ್ಕ್ ಜೆಂಕಿನ್ಸ್ ಮತ್ತು ರೊನಾಲ್ಡ್ ಶ್ವಾರ್ಟ್ಸ್ ಎಂಬವರ ಪ್ರಯೋಗದಲ್ಲಿ, ರಾಸಾಯನಿಕದಿಂದ ಜಡಮಾಡಿದ ಕೋಶಗಳು ತುಣುಕನ್ನು ಸರಿಯಾಗಿ ತೋರಿಸಿದರೂ ಟಿ-ಕೋಶಗಳು ಬೆಳೆಯಲಿಲ್ಲ. ಅಷ್ಟೇ ಅಲ್ಲ, ಮುಂದೆ ಅದೇ ತುಣುಕನ್ನು ಸಜೀವಕೋಶಗಳು ತೋರಿಸಿದಾಗಲೂ ಅವು ಎಚ್ಚರಗೊಳ್ಳಲಿಲ್ಲ. ತುಣುಕಿನ ದರ್ಶನದೊಡನೆ ಎರಡನೆಯ ಸಂಜ್ಞೆಯೊಂದು ಬೇಕು. ಶಾಖಾಕೋಶದ ಮೈಮೇಲಿನ ಬಿ-೭ ಎಂಬ ಅಣುಗಳು ಟಿ-ಕೋಶದ ಸಿಡಿ-೨೮ ಎಂಬ ಅಣುವನ್ನು ಮುಟ್ಟುವುದೇ ಆ ಸಂಜ್ಞೆಗಳಲ್ಲಿ ಮುಖ್ಯವಾದುದೆಂದು ಆಮೇಲೆ ತಿಳಿದುಬಂದಿತು. ಮೊದಲನೆಯ ಸಂಜ್ಞೆಯು ‘ಇದು ಯಾವುದು’ ಎಂಬುದನ್ನು ತಿಳಿಸಿದರೆ, ಎರಡನೆಯದು ‘ಇದನ್ನು ಉಪೇಕ್ಷಿಸಬಾರದು’ ಎಂಬುದನ್ನು ತಿಳಿಸುತ್ತದೆ. ಎರಡನೆಯದಿಲ್ಲದ ಮೊದಲನೆಯದು ಟಿ-ಕೋಶವನ್ನು ಮಲಗಿಸುತ್ತದೆ.

೫. ಪೂರ್ಣಸಮಾನರಲ್ಲಿ

ಇನ್ನು ಪ್ರಕೃತವಿಷಯಕ್ಕೆ ಬರಬಹುದು. ಎಲ್ಲ ವಂಶವಾಹಿಗಳೂ ಒಂದೇ ಆಗಿರುವ ಎರಡು ಇಲಿಗಳಲ್ಲಿ ಒಂದರ ಶಾಖಾಕೋಶಗಳನ್ನು ಮತ್ತೊಂದರ ಟಿ-ಕೋಶಗಳೊಡನೆ ಕೂಡಿಸಿದರೆ ಏನಾಗುವುದು? ಏನೂ ಆಗಬಾರದೆಂದು ಯಾರಾದರೂ ಹೇಳುವರು. ೧೯೮೦ರಲ್ಲಿ ಮೈಕೇಲ್ ನುಸೆನ್ಸ್‌ವೈಗ್ ಮತ್ತು ಸ್ಟೈನ್‌ಮನ್ ಎಂಬವರು ಇದನ್ನು ಪರೀಕ್ಷಿಸಿದರು. ಟಿ-ಕೋಶಗಳು ಬೆಳೆದವು! ಪರಕೀಯ ತಳಿಯ ಶಾಖಾಕೋಶಗಳನ್ನು ಕಂಡಾಗ ಬೆಳೆದಷ್ಟಲ್ಲ, ಅದಕ್ಕಿಂತ ಬಹಳ ದುರ್ಬಲವಾಗಿ, ಆದರೂ ಬೆಳೆದವು. ಈ ಕೆಲಸವನ್ನು ಮಾಡಿಸಿದವು ಶಾಖಾಕೋಶಗಳೇ ಎಂಬುದೂ ಸ್ಥಾಪಿತವಾಯಿತು.

ಇಲ್ಲಿ ಪೂರ್ವಪಕ್ಷವೊಂದುಂಟು. ಕೋಶಗಳನ್ನು ಬೆಳೆಸುವ ದ್ರವದಲ್ಲಿ ಕರುವಿನ ರಕ್ತದ ಸೀರಮ್ಮನ್ನು ಬೆರೆಸುವುದು ವಾಡಿಕೆ. ಶಾಖಾಕೋಶವು ಆ ಪರಪ್ರೋಟೀನನ್ನು ನುಂಗಿ ತೋರಿಸಿದರೆ ಟಿ-ಕೋಶವು ಕೆರಳುವುದು ಸಹಜ. ಅದು ಸ್ವಕೀಯದ ಗ್ರಹಣವಲ್ಲ. ಈ ಆಕ್ಷೇಪವು ನಿರಾಧಾರವಲ್ಲ. ಅಂತಹ ಮಿಶ್ರಣಗಳ ಫಲದಲ್ಲಿ ಒಂದು ಭಾಗಕ್ಕೆ ಇದು ಕಾರಣವಾಗಬಹುದು. ಆದರೆ ಟಿ-ಕೋಶಕ್ಕೂ ಸ್ವಕೀಯಕ್ಕೂ ಸಂಬಂಧವೇ ಇಲ್ಲವೆಂದು ಅದರಿಂದ ಸಿದ್ಧಿಸುವುದಿಲ್ಲ.

ಟಿ-ಕೋಶಗಳು ಎದೆಯೊಳಗಣ ಥೈಮಸ್ ಗ್ರಂಥಿಯಲ್ಲಿ ಶಿಕ್ಷಣವನ್ನು ಪಡೆಯುತ್ತವೆ. ಅಲ್ಲಿ ಎರಡು ಪರೀಕ್ಷೆಗಳು ನಡೆಯುತ್ತವೆ. ತನ್ನ ದೇಹದ ಪಾತ್ರೆಗಳನ್ನು ಸ್ವಲ್ಪವೂ ಗ್ರಹಿಸಲಾರದ ಕೋಶವು ನಿರುಪಯುಕ್ತವೆಂದು ಸಾಯುತ್ತದೆ. ಅವುಗಳಲ್ಲಿರುವ ಸ್ವಕೀಯ ಪದಾರ್ಥವನ್ನು ಅತಿ ಬಲವಾಗಿ ಗ್ರಹಿಸುವ ಕೋಶಗಳಲ್ಲಿ ಹೆಚ್ಚಿನವು ಅಪಾಯಕರವೆಂದು ಸಾಯುತ್ತವೆ. ನೂರಕ್ಕೆ ೯೫ಕ್ಕೂ ಮಿಕ್ಕವು ಉತ್ತೀರ್ಣವಾಗುವುದಿಲ್ಲ. ಉಳಿದು ಹೊರಬಂದವು ಸ್ವಕೀಯವನ್ನು ಮೆಲ್ಲಗೆ ಗ್ರಹಿಸಬಲ್ಲವುಗಳು. ಆ ಮೃದುವಾದ ಸ್ಪರ್ಶವು ಅವುಗಳ ಜೀವನಕ್ಕೆ ಆಧಾರವೂ ಹೌದು. ಎಂದಮೇಲೆ ಪೂರ್ಣಸಮಾನರಲ್ಲಿ ಶಾಖಾಕೋಶವು ಟಿ-ಕೋಶವನ್ನು ಅಲ್ಪವಾಗಿ ಎಚ್ಚರಿಸುವುದು ವಿರೋಧವಲ್ಲ, ಪರಿಚಯ. ಮರ್ರಿಯವರ ಅವಳಿರೋಗಿಯ ಮೂತ್ರಪಿಂಡಕ್ಕೆ ಬಾಧೆಯುಂಟಾಗದಿರುವುದು ಇದಕ್ಕೆ ಒಪ್ಪುತ್ತದೆ.

೬. ಅಲ್ಪಭೇದದ ಪ್ರಭಾವ

ಪೂರ್ಣಸಾಮ್ಯದಿಂದ ಒಂದೇ ಒಂದು ಅಂಶದಲ್ಲಿ ಕಡಮೆಯಾದರೆ ಏನಾಗುವುದೆಂಬುದಕ್ಕೆ ೧೯೫೫ರಲ್ಲಿ ಐಕ್‌ವಾಲ್ಡ್ ಮತ್ತು ಸಿಲ್ಮ್‌ಸರ್ ಎಂಬವರು ಪ್ರಕಟಿಸಿದ ಸಂಗತಿಯು ಉತ್ತಮ ದೃಷ್ಟಾಂತ. ಒಂದೇ ತಳಿಯ ಇಲಿಗಳಲ್ಲಿ ಗಂಡಿನ ಚರ್ಮವನ್ನು ಗಂಡಿಗೂ, ಹೆಣ್ಣಿನ ಚರ್ಮವನ್ನು ಹೆಣ್ಣಿಗೂ, ಹೆಣ್ಣಿನದನ್ನು ಗಂಡಿಗೂ ಕೂಡಿಸಿದರೆ ನಿಲ್ಲುತ್ತದೆ. ಗಂಡಿನದನ್ನು ಹೆಣ್ಣಿಗೆ ಕೂಡಿಸಿದರೆ ಕೆಲವು ತಳಿಗಳಲ್ಲಿ ಉದುರಿಹೋಗುತ್ತದೆ. ಗಂಡಿನಲ್ಲಿದ್ದು ಹೆಣ್ಣಿನಲ್ಲಿಲ್ಲದಿರುವುದು ವೈ ಎಂಬ ವರ್ಣತಂತು. ಅದರಿಂದಾಗುವ ಪ್ರೋಟೀನುಗಳ ತುಣುಕು ಹೆಣ್ಣಿಲಿಯ ಟಿ-ಕೋಶಗಳಿಗೆ ಅಪರಿಚಿತ. ಪಾತ್ರೆಯು ಸಮಾನ, ಪದಾರ್ಥವು ಭಿನ್ನ.

ಮನುಷ್ಯರಲ್ಲಿ ಇದು ೧೯೭೬ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಬೆಳಕಿಗೆ ಬಂದಿತು. ಮಜ್ಜೆಯು ಬತ್ತಿಹೋದ ಒಬ್ಬ ಸ್ತ್ರೀಗೆ ಎಚ್‌ಎಲ್‌ಎ ಗುರುತುಗಳಲ್ಲಿ ಸಮಾನನಾದ ಸೋದರನ ಮಜ್ಜೆಯನ್ನು ಕೊಟ್ಟಿದ್ದರು, ಅದು ನಿಲ್ಲಲಿಲ್ಲ. ಎಲ್ಸ್ ಖುಲ್ಮಿ ಎಂಬ ವಿದುಷಿಯೂ ಅವರ ಸಹೋದ್ಯೋಗಿಗಳೂ ಆಕೆಯ ಟಿ-ಕೋಶಗಳನ್ನು ಪರೀಕ್ಷಿಸಿದರು. ಅವು ಎಚ್‌ಎಲ್‌ಎ-ಎ೨ ಎಂಬ ಗುರುತುಳ್ಳ ಪುರುಷರ ಕೋಶಗಳನ್ನು ಕೊಂದವು. ಅದೇ ಗುರುತುಳ್ಳ ಸ್ತ್ರೀಯರ ಕೋಶಗಳನ್ನು ಕೊಲ್ಲಲಿಲ್ಲ. ಆ ಗುರುತಿಲ್ಲದ ಪುರುಷರ ಕೋಶಗಳನ್ನೂ ಕೊಲ್ಲಲಿಲ್ಲ. ಪಾತ್ರೆ ಪದಾರ್ಥಗಳೆರಡೂ ಕೂಡಿದಾಗ ಮಾತ್ರ ಗ್ರಹಣವೆಂಬುದಕ್ಕೆ ಇದಕ್ಕಿಂತ ನಿಶ್ಚಿತವಾದ ಸಾಕ್ಷ್ಯವು ಬೇಕಾಗಿಲ್ಲ.

ಭೇದವು ವೈ ವರ್ಣತಂತುವಿಗೇ ಮೀಸಲಲ್ಲ. ಅಣ್ಣತಮ್ಮಂದಿರ ನಡುವೆಯೂ, ಅಕ್ಕತಂಗಿಯರ ನಡುವೆಯೂ ಸಾವಿರಾರು ಸಣ್ಣ ವ್ಯತ್ಯಾಸಗಳಿರುತ್ತವೆ. ಇವುಗಳಿಂದಾಗುವ ತುಣುಕುಗಳಿಗೆ ಗೌಣಪ್ರತಿಜನಕಗಳೆಂದು ಹೆಸರು. ಲೈಡನ್ನಿನಲ್ಲಿಯೇ ಗೊತ್ತುಪಡಿಸಿದ ಎಚ್‌ಎ-೧ ಎಂಬುದರ ರಚನೆಯು ೧೯೯೮ರಲ್ಲಿ ಪ್ರಕಟವಾಯಿತು. ಅದು ಒಂಬತ್ತು ಅಮೈನೋ ಆಮ್ಲಗಳ ಸರ. ಕೆಲವರಲ್ಲಿ ಅದರ ಮೂರನೆಯ ಮಣಿಯು ಹಿಸ್ಟಿಡಿನ್. ಮತ್ತೆ ಕೆಲವರಲ್ಲಿ ಆರ್ಜಿನಿನ್. ಹಿಸ್ಟಿಡಿನ್ ಇದ್ದ ಸರವು ಎ೨ ಪಾತ್ರೆಯಲ್ಲಿ ಚೆನ್ನಾಗಿ ಕುಳಿತುಕೊಳ್ಳುತ್ತದೆ. ಆರ್ಜಿನಿನ್ ಇದ್ದುದು ನಿಲ್ಲುವುದಿಲ್ಲ. ಒಂದು ಅಕ್ಷರವು ಬೇರೆಯಾದರೆ ಶಬ್ದಾರ್ಥವೇ ಬೇರೆಯಾಗುವಂತೆ, ಒಂದು ಮಣಿಯ ವ್ಯತ್ಯಾಸದಿಂದ ಒಡಹುಟ್ಟಿದವನು ಪರಕೀಯನೆಂದು ಗಣಿಸಲ್ಪಡುತ್ತಾನೆ.

೭. ತೋರಿಸುವವರು ಯಾರು?

ಮಜ್ಜೆಯ ಕಸಿಯಾದ ಮೇಲೆ ರೋಗಿಯ ದೇಹದಲ್ಲಿ ಎರಡು ಮೂಲಗಳ ಶಾಖಾಕೋಶಗಳು ಇರುತ್ತವೆ. ಹಿಂದಿನಿಂದ ಉಳಿದಿರುವ ರೋಗಿಯ ಸ್ವಂತದವು ಕೆಲವು. ದಾನಿಯ ಮಜ್ಜೆಯಿಂದ ಹೊಸದಾಗಿ ಹುಟ್ಟುವವು ಕೆಲವು. ದಾನಿಯ ಟಿ-ಕೋಶಗಳಿಗೆ ರೋಗಿಯ ಗೌಣಪ್ರತಿಜನಕವನ್ನು ತೋರಿಸಿದುದು ಯಾವುದು? ರೋಗಿಯ ಶಾಖಾಕೋಶವು ತನ್ನೊಳಗಿನ ತುಣುಕನ್ನೇ ತೋರಿಸಬಹುದು. ದಾನಿಯ ಶಾಖಾಕೋಶವೂ ರೋಗಿಯ ಸತ್ತ ಕೋಶಗಳನ್ನು ನುಂಗಿ ಆ ತುಣುಕನ್ನು ತನ್ನ ಪಾತ್ರೆಯಲ್ಲಿಟ್ಟು ತೋರಿಸಬಹುದು. ಪಾತ್ರೆಗಳು ಸಮಾನವಾಗಿರುವುದರಿಂದ ಇದಕ್ಕೆ ಅಡ್ಡಿಯಿಲ್ಲ.

೧೯೯೯ರಲ್ಲಿ ವಾರೆನ್ ಶ್ಲೊಮ್‌ಚಿಕ್ ಮೊದಲಾದವರು ಪ್ರಕಟಿಸಿದ ಪ್ರಯೋಗವು ಅನ್ವಯವ್ಯತಿರೇಕಗಳಿಂದ ಕಾರಣವನ್ನು ನಿರ್ಣಯಿಸುವ ಕ್ರಮಕ್ಕೆ ಮೇಲ್ಪಂಕ್ತಿಯಾಗಿದೆ. ಅವರು ಎಚ್-೨ ಗುರುತಿನಲ್ಲಿ ಸಮಾನವಾಗಿಯೂ ಗೌಣಪ್ರತಿಜನಕಗಳಲ್ಲಿ ಭಿನ್ನವಾಗಿಯೂ ಇರುವ ಎರಡು ತಳಿಗಳನ್ನು ಆರಿಸಿದರು. ಕಸಿಯನ್ನು ತೆಗೆದುಕೊಳ್ಳತಕ್ಕ ಇಲಿಗಳಲ್ಲಿ ಕೆಲವಕ್ಕೆ ಮೊದಲೇ ಅದೇ ತಳಿಯ, ಆದರೆ ಒಂದನೆಯ ವರ್ಗದ ಪಾತ್ರೆಗಳನ್ನು ಎತ್ತಿತೋರಿಸಲಾರದಂತೆ ವಂಶವಾಹಿಯೊಂದನ್ನು ಕಳೆದ ಮಜ್ಜೆಯನ್ನು ಕೊಟ್ಟಿದ್ದರು. ಇದರಿಂದ ಅವುಗಳ ಚರ್ಮ ಕರುಳುಗಳಲ್ಲಿ ಪಾತ್ರೆ ಪದಾರ್ಥಗಳು ಯಥಾಪ್ರಕಾರ ಇದ್ದವು. ಮಜ್ಜೆಯಿಂದ ಹುಟ್ಟುವ ಶಾಖಾಕೋಶಾದಿಗಳಲ್ಲಿ ಮಾತ್ರ ತೋರಿಸುವ ಶಕ್ತಿಯಿರಲಿಲ್ಲ. ಬಳಿಕ ಎರಡನೆಯ ತಳಿಯ ಮಜ್ಜೆಯನ್ನೂ ಟಿ-ಕೋಶಗಳನ್ನೂ ಕೊಟ್ಟರು. ತೋರಿಸುವ ಶಕ್ತಿಯಿದ್ದ ಇಲಿಗಳಲ್ಲಿ ಸಿಡಿ-೮ ಎಂಬ ಬಗೆಯ ಟಿ-ಕೋಶಗಳಿಂದ ಕಸಿವ್ಯಾಧಿಯುಂಟಾಯಿತು. ಆ ಶಕ್ತಿಯಿಲ್ಲದ ಇಲಿಗಳು ಅದರಿಂದ ಪಾರಾದವು. ದಾನಿಯ ಶಾಖಾಕೋಶಗಳು ಅಲ್ಲಿ ಇದ್ದರೂ ವ್ಯಾಧಿಯನ್ನು ಮೊದಲುಮಾಡುವುದಕ್ಕೆ ಸಾಲದೆಹೋದವು.

ಇದರಿಂದ ಹೊರಡುವ ಅರ್ಥವು ಗಂಭೀರವಾದುದು. ರೋಗಿಯನ್ನು ಕಾಯುವುದಕ್ಕೆ ಹುಟ್ಟಿದ ಶಾಖಾಕೋಶಗಳೇ ಹೊಸದಾಗಿ ಬಂದ ಸೈನ್ಯಕ್ಕೆ ರೋಗಿಯ ದೇಹವನ್ನು ತೋರಿಸಿಕೊಡುತ್ತವೆ. ಇದು ದ್ರೋಹವಲ್ಲ, ಅವು ಎಂದಿನ ಕೆಲಸವನ್ನೇ ಮಾಡುತ್ತಿವೆ. ನೋಡುವವರು ಬದಲಾಗಿರುವುದರಿಂದ ಫಲವು ವಿಪರೀತವಾಗುತ್ತದೆ.

ಎರಡನೆಯ ಸಂಜ್ಞೆಯು ಎಲ್ಲಿಂದ ಬರುತ್ತದೆಂಬುದೂ ಇಲ್ಲಿ ವಿಚಾರಣೀಯ. ಕಸಿಗೆ ಮುಂಚೆ ರೋಗಿಯ ಹಳೆಯ ಮಜ್ಜೆಯನ್ನು ತೆಗೆಯುವುದಕ್ಕಾಗಿ ಕೊಡುವ ವಿಕಿರಣದಿಂದಲೂ ತೀಕ್ಷ್ಣವಾದ ಔಷಧಗಳಿಂದಲೂ ಕರುಳಿನ ಒಳಪದರವು ಗಾಯಗೊಳ್ಳುತ್ತದೆ. ಕರುಳಿನ ಬ್ಯಾಕ್ಟೀರಿಯಗಳ ದ್ರವ್ಯಗಳು ಒಳಕ್ಕೆ ಸೋರಿ ಶಾಖಾಕೋಶಗಳನ್ನು ಎಬ್ಬಿಸುತ್ತವೆ. ಕ್ರಿಮಿರಹಿತವಾಗಿ ಸಾಕಿದ ಇಲಿಗಳಲ್ಲಿ ಕಸಿವ್ಯಾಧಿಯು ಸೌಮ್ಯವಾಗಿರುವುದು ೧೯೭೦ರ ದಶಕದಲ್ಲಿಯೇ ಕಂಡುಬಂದಿತ್ತು. ಅದಕ್ಕೆ ಕಾರಣವು ಈಗ ತಿಳಿಯುತ್ತದೆ. ಭೇದವು ಉಪಾದಾನವಾದರೆ ಗಾಯವು ಸಹಕಾರಿಕಾರಣ.

ಆದರೂ ಈ ಸಿದ್ಧಾಂತಕ್ಕೆ ಮಿತಿಯುಂಟು. ಸಿಡಿ-೪ ಎಂಬ ಇನ್ನೊಂದು ಬಗೆಯ ಟಿ-ಕೋಶಗಳಿಂದಾಗುವ ವ್ಯಾಧಿಯಲ್ಲಿ, ರೋಗಿಯ ಮಜ್ಜೆಯಿಂದ ಹುಟ್ಟದ ಇತರ ಕೋಶಗಳೂ ತುಣುಕನ್ನು ತೋರಿಸಬಲ್ಲವೆಂದು ೨೦೧೨ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗಗಳು ಸ್ಥಾಪಿಸಿವೆ. ಆದುದರಿಂದ ಶಾಖಾಕೋಶವನ್ನು ಏಕೈಕ ಕಾರಣವೆಂದರೆ ಅವ್ಯಾಪ್ತಿದೋಷವು ಬರುತ್ತದೆ, ಪ್ರಧಾನಕಾರಣಗಳಲ್ಲೊಂದೆಂದರೆ ದೋಷವಿಲ್ಲ.

೮. ಚಿಕಿತ್ಸೆಯಲ್ಲಿನ ಉಭಯಸಂಕಟ

ಹಾಗಾದರೆ ಏಕಾಂಡಜರಾದ ಅವಳಿಗಳ ಮಜ್ಜೆಯೇ ಎಲ್ಲಕ್ಕಿಂತ ಉತ್ತಮವಲ್ಲವೆ ಎಂದು ಕೇಳಬಹುದು. ೧೯೫೯ರಲ್ಲಿ ಡೊನಾಲ್ ಥಾಮಸ್ ಮೊದಲಾದವರು ರಕ್ತದ ಅರ್ಬುದವಿದ್ದ ಇಬ್ಬರಿಗೆ ಅವರವರ ಅವಳಿಗಳ ಮಜ್ಜೆಯನ್ನು ಕೊಟ್ಟರು. ಮಜ್ಜೆಯು ನಿಂತಿತು. ಆದರೆ ಕೆಲವೇ ತಿಂಗಳುಗಳಲ್ಲಿ ಅರ್ಬುದವು ಮರಳಿತು. ೧೯೯೦ರಲ್ಲಿ ಮೇರಿ ಹೊರೊವಿಟ್ಸ್ ಮೊದಲಾದವರು ಎರಡು ಸಾವಿರಕ್ಕೂ ಮಿಕ್ಕ ರೋಗಿಗಳ ವೃತ್ತಾಂತಗಳನ್ನು ಹೋಲಿಸಿ ನೋಡಿದಾಗ ವಿಚಿತ್ರವಾದೊಂದು ವಿಷಯವು ದೃಢವಾಯಿತು. ಅವಳಿಗಳಿಂದ ಮಜ್ಜೆಯನ್ನು ಪಡೆದವರಲ್ಲಿಯೂ, ಟಿ-ಕೋಶಗಳನ್ನು ಸೋಸಿ ತೆಗೆದ ಮಜ್ಜೆಯನ್ನು ಪಡೆದವರಲ್ಲಿಯೂ ಅರ್ಬುದವು ಮರಳುವುದು ಹೆಚ್ಚು. ಕಸಿವ್ಯಾಧಿಯನ್ನು ಅನುಭವಿಸಿದವರಲ್ಲಿ ಕಡಮೆ. ಒಡಹುಟ್ಟಿದವರ ಅಲ್ಪಭೇದವನ್ನು ಗ್ರಹಿಸಿ ರೋಗಿಯ ಚರ್ಮವನ್ನು ಬಾಧಿಸುವ ಟಿ-ಕೋಶಗಳೇ, ಉಳಿದಿದ್ದ ಅರ್ಬುದಕೋಶಗಳನ್ನೂ ಪರಕೀಯವೆಂದು ಕೊಲ್ಲುತ್ತಿದ್ದವು. ವಿಷವೂ ಔಷಧವೂ ಒಂದೇ ಪಾತ್ರೆಯಲ್ಲಿದ್ದವು.

ಈ ಎರಡನ್ನೂ ಬೇರ್ಪಡಿಸುವುದೇ ಇಂದಿನ ವೈದ್ಯರ ಪ್ರಯತ್ನ. ಮೇಲೆ ಹೇಳಿದ ಎಚ್‌ಎ-೧ ತುಣುಕು ರಕ್ತಸಂಬಂಧವಾದ ಕೋಶಗಳಲ್ಲಿಯೇ ಕಾಣುವಂತಹುದು. ಚರ್ಮ ಕರುಳುಗಳ ಸ್ವಂತಕೋಶಗಳಲ್ಲಿ ಕಾಣುವುದಿಲ್ಲ. ಅದನ್ನೇ ಗುರಿಯಾಗಿಟ್ಟ ಟಿ-ಕೋಶಗಳನ್ನು ಕೊಟ್ಟರೆ ಅರ್ಬುದವು ನಾಶವಾಗಿ ದೇಹವು ಉಳಿಯಬಹುದೆಂದು ಪ್ರಯೋಗಗಳು ನಡೆದಿವೆ. ಮತ್ತೊಂದು ಉಪಾಯವು ಕಾಲವನ್ನು ಆಶ್ರಯಿಸಿದೆ. ಶಾಖಾಕೋಶಗಳು ಎಬ್ಬಿಸಿದ ಟಿ-ಕೋಶಗಳು ಕಸಿಯ ಮೂರನೆಯ ನಾಲ್ಕನೆಯ ದಿನಗಳಲ್ಲಿ ವೇಗವಾಗಿ ವಿಭಜಿಸುತ್ತಿರುತ್ತವೆ. ಆ ದಿನಗಳಲ್ಲಿ ಸೈಕ್ಲೋಫಾಸ್ಫಮೈಡ್ ಎಂಬ ಔಷಧವನ್ನು ಕೊಟ್ಟರೆ ಕೆರಳಿದವುಗಳಿಗೆ ಪೆಟ್ಟು ಬಿದ್ದು, ಕೆರಳದೆ ಮಲಗಿದ್ದವು ಮುಂದಿನ ರಕ್ಷಣೆಗೆ ಉಳಿಯುತ್ತವೆಂಬುದು ಇದರ ಮೂಲಭಾವನೆ. ಶಮನಕಾರಿಗಳಾದ ಬೇರೊಂದು ಬಗೆಯ ಟಿ-ಕೋಶಗಳು ಈ ಔಷಧವನ್ನು ತಾಳಿಕೊಳ್ಳುವುದೂ ಫಲಕ್ಕೆ ಕಾರಣವೆಂದು ಆಮೇಲೆ ತಿಳಿದಿದೆ. ಬಹುಮಟ್ಟಿಗೆ ಸಮಾನರಾದ ದಾನಿಗಳಿಂದ ಕಸಿಯನ್ನು ಪಡೆದವರಲ್ಲಿ ನಡೆಸಿ ೨೦೨೩ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ತೀವ್ರವಾದ ಕಸಿವ್ಯಾಧಿಯೂ ಅರ್ಬುದದ ಮರಳಿಕೆಯೂ ಇಲ್ಲದೆ ಒಂದು ವರ್ಷವನ್ನು ಕಳೆದವರು ಈ ಕ್ರಮದಲ್ಲಿ ನೂರಕ್ಕೆ ಸುಮಾರು ೫೩, ಹಳೆಯ ಕ್ರಮದಲ್ಲಿ ಸುಮಾರು ೩೫ ಎಂದು ಕಂಡುಬಂದಿತು.

೯. ಉಪಸಂಹಾರ

ಮೇಲ್ಕಂಡ ವಿಚಾರದಿಂದ ಸಿದ್ಧಿಸುವ ಅಂಶಗಳಿವು. ಒಡಹುಟ್ಟಿದವರ ಸಾಮ್ಯವು ಪಾತ್ರೆಗಳ ಸಾಮ್ಯ, ಪದಾರ್ಥಗಳ ಸಾಮ್ಯವಲ್ಲ. ಪದಾರ್ಥದ ಭೇದವು ಒಂದೇ ಅಮೈನೋ ಆಮ್ಲದಷ್ಟಿದ್ದರೂ ಟಿ-ಕೋಶವು ಗ್ರಹಿಸಬಲ್ಲುದು. ಆದರೆ ಗ್ರಹಿಸಿದ ಮಾತ್ರಕ್ಕೆ ಅದು ಏಳುವುದಿಲ್ಲ. ಎಬ್ಬಿಸತಕ್ಕುದು ಮುಖ್ಯವಾಗಿ ಶಾಖಾಕೋಶ, ಅದನ್ನು ಎಬ್ಬಿಸತಕ್ಕುದು ಗಾಯ. ಪೂರ್ಣಸಾಮ್ಯದಲ್ಲಿ ವ್ಯಾಧಿಯಿಲ್ಲ, ಅರ್ಬುದಕ್ಕೆ ಮದ್ದೂ ಇಲ್ಲ. ಆದುದರಿಂದ ತಂಗಿಯ ಮಜ್ಜೆಯು ಅಣ್ಣನಿಗೆ ಸರಿಹೊಂದಿತೆಂದು ವೈದ್ಯರು ಹೇಳುವಾಗ, ಅವರಿಬ್ಬರಲ್ಲಿ ಭೇದವಿಲ್ಲವೆಂದು ತಿಳಿಯತಕ್ಕುದಲ್ಲ. ಸಹಿಸಬಹುದಾದಷ್ಟು ಭೇದವಿದೆಯೆಂದು ತಿಳಿಯಬೇಕು. ಆ ಭೇದವನ್ನು ಶಾಖಾಕೋಶವು ಯಾವಾಗ, ಎಷ್ಟು ಗಟ್ಟಿಯಾಗಿ ಸಾರಬೇಕೆಂಬುದನ್ನು ನಿಯಮಿಸಲು ಕಲಿತಷ್ಟು ಮಟ್ಟಿಗೆ ಒಡಹುಟ್ಟಿದವರ ದಾನವು ಪಡೆದವರಿಗೆ ಸುಖಾವಹವಾಗುವುದು.